ಬಲ್ಬು ಕಾಣದ ಬೆಳಕು

ಮಾವನಿಗೆ ಅಂಗಡಿ ಝಗಮಗ ಅನ್ನಬೇಕಿತ್ತು. ಅಳಿಯನಿಗೆ ಅಲ್ಲೊಂದು ಅಂಗಡಿ ಇದೆ ಅಂತ ಗೊತ್ತಾದರೆ ಸಾಕಿತ್ತು. ಇವರಿಬ್ಬರ ಹಟದ ನಡುವೆ ಸಿಕ್ಕಿಬಿದ್ದ ಮೂರು ಅಂತಸ್ತಿನ ಹಾಸಿಗೆ ಅಂಗಡಿ, ಹೊಸ ಬಣ್ಣ ಬಳಿದುಕೊಂಡು ತಿಂಗಳುಗಳಾಗಿದ್ದರೂ ಹೊತ್ತು ಮುಳುಗಿದ ಮೇಲೆ ದೀಪವಿಲ್ಲದೆ ನಿಂತಿರುತ್ತಿತ್ತು. ಬೀದಿಯ ಉಳಿದ ಅಂಗಡಿಗಳೆಲ್ಲ ದೀಪ ಹಚ್ಚಿಕೊಂಡು ಗಿರಾಕಿಗಳನ್ನು ಕರೆಯುವ ಹೊತ್ತಿಗೆ, ಮಾವ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ತಮ್ಮ ಬಾಗಿಲ ಮುಂದಿನಿಂದಲೇ ಹಾದುಹೋಗುವ ಜನರನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದರು.

"ಹಾಸಿಗೆನ ಸಂಜೆ ತಾನೇ ಮಾರ್ಬೇಕು! ಬೆಳಗ್ಗೆ ಯಾರು ಕೊಳ್ತಾರೆ? ಆಗಷ್ಟೇ ಎದ್ದಿರ್ತಾರೆ," ಎಂದು ಕಂಡಕಂಡವರ ಹತ್ತಿರ ಗೊಣಗುತ್ತಿದ್ದರು.

ಅಳಿಯನ ಕಸುಬೇ ದೀಪದ್ದು. ಕಟ್ಟಡಗಳ ಹೊರಮೈಗೆ ಎಲ್ಲಿ ಯಾವ ದೀಪ ಇರಬೇಕು, ಎಷ್ಟು ಬೆಳಕು ಬೀಳಬೇಕು, ಎಷ್ಟು ನೆರಳು ಉಳಿಯಬೇಕು ಎಂದು ನಕ್ಷೆ ಬರೆದುಕೊಡುವುದು. "ಸ್ವಿಚ್ ಒತ್ತೋದಕ್ಕೆ ನಕ್ಷೆ ಯಾಕೆ, ಬೆರಳು ಸಾಲದಾ?" ಎಂದು ಮಾವ ಮದುವೆಯ ಮಾತುಕತೆಯಲ್ಲೇ ಕೇಳಿದ್ದರು. ಮಗಳ ಹಟಕ್ಕೆ ಮಣಿದು ಹುಡುಗನನ್ನು ಒಪ್ಪಿದರೇ ಹೊರತು ಆ ಕಸುಬನ್ನು ಒಪ್ಪಿರಲಿಲ್ಲ. ಅಳಿಯ ಅಂಗಡಿಗೆ ಬಂದರೆ "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ ಅಳಿಯಂದ್ರೇ" ಎಂದು ಕುರ್ಚಿ ಒರೆಸಿ ಕೊಡುತ್ತಿದ್ದರು, ಆಮೇಲೆ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಅದು ಅಂಗಡಿಗೆ ಬಂದ ಇನ್‌ಸ್ಪೆಕ್ಟರಿಗೆ ಕೊಡುವ ಮರ್ಯಾದೆ. ಅಂಥ ಮಾವ ಈಗ ಮಗಳ ಕಾಟ ತಡೆಯಲಾರದೆ ಅಂಗಡಿಯ ಹೊರಗಿನ ದೀಪದ ಕೆಲಸವನ್ನು ಅಳಿಯನ ಕೈಗೆ ಕೊಟ್ಟಿದ್ದರು. ಇದೊಂದು ಕೆಟ್ಟರೆ ಈ ಮನುಷ್ಯ ಇನ್ನು ಜನ್ಮದಲ್ಲಿ ತನ್ನನ್ನು ನಂಬುವುದಿಲ್ಲ ಎಂದು ಅಳಿಯನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಮಾವ ಒಪ್ಪಿದರೆ ಸಾಕೆ? ಆ ಬೀದಿಯಲ್ಲಿ ಯಾರೇ ಅಂಗಡಿಯ ಹೊರಗೆ ಬಣ್ಣ ಬಳಿಯಲಿ, ಬೋರ್ಡು ತೂಗುಹಾಕಲಿ, ದೀಪ ಹಚ್ಚಲಿ, ಹೊರನೋಟ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಮೂವರು. ಒಬ್ಬರು ಇಟ್ಟಿಗೆ ಮೇಷ್ಟ್ರು. ಕಾಲೇಜಿನಲ್ಲಿ ಕಟ್ಟಡಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು, ಇಟ್ಟಿಗೆ ಕಂಡರೆ ಕಣ್ಣಲ್ಲಿ ನೀರು ತಂದುಕೊಳ್ಳುವವರು. ಇನ್ನೊಬ್ಬ ಎಂಜಿನಿಯರ್; ಕೊನೆಗೆ ಯಾರು ಮಾತಾಡಿದರೋ ಅವರ ಮಾತಿಗೆ ಹೌದು ಅನ್ನುವುದೇ ಅವನ ಅಭಿಪ್ರಾಯ. ಇವರ ಮೇಲೆ ಅಧ್ಯಕ್ಷೆ. ಬೀದಿಯವರು ಆಕೆಯ ಬೆನ್ನ ಹಿಂದೆ ಇಟ್ಟ ಹೆಸರು ಕತ್ತಲಮ್ಮ.

ಹಾಗೆ ನೋಡಿದರೆ ಕತ್ತಲಮ್ಮನಿಗೆ ಬೆಳಕಿನ ಮೇಲೆ ದ್ವೇಷವೇನೂ ಇರಲಿಲ್ಲ. ಬೆಳಕು ಕಣ್ಣಿಗೆ ಚುಚ್ಚಬಾರದು, ಆಕಾಶಕ್ಕೆ ಹಾರಬಾರದು, ಪಕ್ಕದ ಮನೆಯ ಕಿಟಕಿ ಇಣುಕಬಾರದು, ಬಣ್ಣ ಬಣ್ಣವಾಗಿ ಕುಣಿಯಬಾರದು, ಅಷ್ಟೆ. ಇಷ್ಟೆಲ್ಲ ಆದ ಮೇಲೆ ಬೆಳಕಿಗೆ ಇರುವುದಕ್ಕೆ ಎಷ್ಟು ಜಾಗ ಉಳಿಯಿತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. "ಬೆಳಕು ಕಾಣ್ಬೇಕು, ಬಲ್ಬು ಕಾಣ್ಬಾರದು," ಎಂಬುದು ಆಕೆಯ ಒಂದೇ ಮಂತ್ರ. ಅಳಿಯ ಬೇರೆ ಬೇರೆ ಅಂಗಡಿಗಳಿಗಾಗಿ ಬರೆದ ಎಷ್ಟೋ ನಕ್ಷೆಗಳನ್ನು ಆಕೆ ಇಷ್ಟು ವರ್ಷಗಳಲ್ಲಿ ಕೆಂಪು ಪೆನ್ಸಿಲಿನಿಂದ ಗೀಚಿ ವಾಪಸು ಕಳಿಸಿದ್ದಳು. ಒಂದರ ಮೇಲೆ "ಈ ದೀಪ ಕಿರುಚುತ್ತದೆ" ಎಂದು ಬರೆದಿದ್ದಳು. ಇನ್ನೊಂದರ ಮೇಲೆ ಬರೀ "ಅಯ್ಯೋ" ಎಂದಿತ್ತು. ಆದರೂ ಅಳಿಯನಿಗೆ ಆಕೆಯ ಮೇಲೆ ಸಿಟ್ಟು ಬಂದದ್ದಿಲ್ಲ. ಆ ಬೀದಿಯಲ್ಲಿ ತನ್ನ ಕಸುಬನ್ನು ಕಸುಬೆಂದು ತಿಳಿದವಳು ಆಕೆಯೊಬ್ಬಳೇ ಎಂದು ಅವನು ಭಯಭಕ್ತಿಯಿಂದಲೇ ಇದ್ದ.

ಈ ಸಲ ಅವನು ಜೀವ ತೇಯ್ದು ಕೆಲಸ ಮಾಡಿದ್ದ. ಪ್ರತಿ ಕಿಟಕಿಯ ಕೆಳಗಿನ ಅಂಚಿನ ಸಂದಿಯಲ್ಲಿ ಬೆರಳುದ್ದದ ದೀಪಗಳನ್ನು ಅಡಗಿಸಿ, ಬೆಳಕು ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಜಾರುವ ಹಾಗೆ ಕೂರಿಸಿದ್ದ. "ಇಷ್ಟೇನಾ? ಅಲ್ಲಾಡೋದಿಲ್ವಾ, ಬಣ್ಣ ಬದಲಾಯಿಸೋದಿಲ್ವಾ?" ಎಂದು ಮಾವ ಕೇಳಿದ್ದರು. ಇಲ್ಲ ಎಂದಾಗ ಮುಖ ಗಂಟು ಹಾಕಿಕೊಂಡು ಒಳಗೆ ಹೋಗಿದ್ದರು.

ಸಮಿತಿ ಸ್ಥಳಕ್ಕೆ ಬಂದು ನೋಡುವ ಸಂಜೆ ಬಂತು. ಸಮಿತಿಯವರು ಹೇಳಿದ್ದಕ್ಕಿಂತ ಮೊದಲೇ ಬಂದರು. ಅಳಿಯ ಓಡಿಹೋಗಿ ಸ್ವಿಚ್ ಒತ್ತಿದ. ಎಲ್ಲೋ ಮೇಲೆ ಫಟ್ ಅಂದಿತು. ಹೊರಗಿನ ಒಂದು ದೀಪವೂ ಹತ್ತಲಿಲ್ಲ. ಮತ್ತೆ ಒತ್ತಿದ, ಮತ್ತೆ ಫಟ್. ಕ್ಷಮೆ ಕೇಳಿ ಇನ್ನೊಂದು ದಿನ ಬರಲು ಹೇಳೋಣ ಎಂದು ಹೊರಗೆ ಓಡಿದರೆ, ಅಷ್ಟರಲ್ಲಿ ಸಮಿತಿ ಎದುರಿನ ಫುಟ್‌ಪಾತಿನ ಮೇಲೆ ಸಾಲಾಗಿ ನಿಂತಾಗಿತ್ತು.

ಆ ಫುಟ್‌ಪಾತಿಗೆ ಹೊಂದಿಕೊಂಡೇ ಹಲ್ಲಿನ ಡಾಕ್ಟರ ಕ್ಲಿನಿಕ್ ಇತ್ತು. ಅದರ ನೆತ್ತಿಯ ಮೇಲೆ ಬೀದಿಗೆಲ್ಲ ಹೆಸರಾದ ಹಲ್ಲು. ಆಳೆತ್ತರದ ಪ್ಲಾಸ್ಟಿಕ್ ಹಲ್ಲು, ಒಳಗೆ ಟ್ಯೂಬ್‌ಲೈಟುಗಳು. ಹಲ್ಲಿಗೆ ಕಣ್ಣು ಬರೆದು, ಬಾಯಿ ಬರೆದು, ಆ ಬಾಯೊಳಗೆ ಮತ್ತೆ ಹಲ್ಲು ಬರೆದು ನಗಿಸಿದ್ದರು. ಸಮಿತಿ ಹುಟ್ಟುವುದಕ್ಕೆ ಮೊದಲೇ ಹುಟ್ಟಿದ ಹಲ್ಲಾದ್ದರಿಂದ ಅದನ್ನು ಇಳಿಸುವುದು ಕತ್ತಲಮ್ಮನಿಗೆ ಇಲ್ಲಿಯವರೆಗೆ ಸಾಧ್ಯವಾಗಿರಲಿಲ್ಲ.

"ಆ ಹಲ್ಲಿನ ಕಡೆ ಯಾರೂ ನೋಡ್ಬೇಡಿ, ಕಣ್ಣು ಕೆಡುತ್ತೆ," ಎಂದು ಆಕೆ ಉಳಿದಿಬ್ಬರಿಗೆ ಅಪ್ಪಣೆ ಮಾಡಿದಳು. "ಅದಕ್ಕೆ ಬೆನ್ನು ಮಾಡಿ ನಿಂತ್ಕೊಳ್ಳಿ. ಎರಡು ನಿಮಿಷ ಕಣ್ಣು ಮುಚ್ಚಿ. ಈಗ ಅಂಗಡಿ ನೋಡಿ."

"ಮೇಡಂ, ಒಂದು ವಿಷಯ..." ಎಂದು ಅಳಿಯ ಬಾಯಿ ತೆರೆದ.

"ಶ್!" ಎಂದಳು ಕತ್ತಲಮ್ಮ.

ಮೂವರೂ ನೋಡಿದರು. ಅಳಿಯ ತಲೆ ತಗ್ಗಿಸಿ ನಿಂತ. ಈಗ ಬಯ್ಯುತ್ತಾರೆ, ಇನ್ನೇನು ಬಯ್ಯುತ್ತಾರೆ ಎಂದು ಕಾದ. ಕೊನೆಗೆ ಇಟ್ಟಿಗೆ ಮೇಷ್ಟ್ರು "ಅಬ್ಬಾ," ಎಂದರು. "ಎಷ್ಟು ಹದವಾಗಿದೆ! ಎಲೆ ನೆರಳೂ ಗೋಡೆ ಮೇಲೆ ತಂದಿದಾನೆ ನೋಡಿ. ಅಲ್ಲಾಡ್ತಾನೂ ಇದೆ. ಗೋಡೆ ಉಸಿರಾಡೋ ಹಾಗಿದೆ."

"ಹೌದು, ಉಸಿರಾಡ್ತಾ ಇದೆ," ಎಂದ ಎಂಜಿನಿಯರ್.

ಅಳಿಯ ತಲೆಯೆತ್ತಿ ನೋಡಿದ. ನಿಜ, ಗೋಡೆಯ ಮೇಲೆ ಬೆಳಕಿತ್ತು. ಹಾಲಿನ ಕೆನೆಯ ಬಣ್ಣದ, ಮೆತ್ತನೆಯ ಬೆಳಕು. ಅದರ ತುಂಬ ಎಲೆಗಳ ನೆರಳು. ಎಲ್ಲಿಂದ ಬಂತಿದು ಎಂದು ತಿರುಗಿದವನಿಗೆ ಸಮಿತಿಯ ಬೆನ್ನ ಹಿಂದೆ ನಗುತ್ತಿದ್ದ ಹಲ್ಲು ಕಂಡಿತು. ಅದರ ಬೆಳಕು ಕ್ಲಿನಿಕ್ಕಿನ ಮುಂದಿನ ಮರದ ಎಲೆಗಳಲ್ಲಿ ಸೋಸಿಕೊಂಡು, ಬೀದಿ ದಾಟಿ, ಮಾವನ ಗೋಡೆಯ ಮೇಲೆ ಬೀಳುತ್ತಿತ್ತು. ವರ್ಷಗಟ್ಟಲೆಯಿಂದ ಬೀಳುತ್ತಿದ್ದಿರಬೇಕು. ಹೊಸ ಬಣ್ಣ ಬಳಿದ ಮೇಲೆ ಚೆನ್ನಾಗಿ ಹಿಡಿದಿದೆ, ಅಷ್ಟೆ. ಹಲ್ಲಿನ ಝಳಕ್ಕೆ ಕಣ್ಣು ಕುಕ್ಕಿಸಿಕೊಂಡ ಬೀದಿಯವರಲ್ಲಿ ಒಬ್ಬರಿಗೂ ಗೋಡೆಯ ಮೇಲಿನ ಈ ಮೆತ್ತನೆಯ ಬೆಳಕು ಕಂಡಿರಲಿಲ್ಲ.

ಕತ್ತಲಮ್ಮ ಬೀದಿ ದಾಟಿ ಗೋಡೆಯ ಹತ್ತಿರ ಹೋದಳು. ಬಗ್ಗಿ ನೋಡಿದಳು, ಕತ್ತೆತ್ತಿ ನೋಡಿದಳು, ಮೂಲೆಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದಳು. ವಾಪಸು ಬಂದಾಗ ಆಕೆಯ ದನಿ ನಡುಗುತ್ತಿತ್ತು.

"ನಾನು ಈ ಕೆಲಸಕ್ಕೆ ಬಂದಾಗಿನಿಂದ ಬಲ್ಬು ಹುಡುಕ್ತಾನೇ ಇದೀನಿ ಕಣಪ್ಪ. ಇವತ್ತು ಮೊದಲ್ನೇ ಸಲ ಸಿಗಲಿಲ್ಲ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷ "ಅಯ್ಯೋ" ಎಂದು ಬರೆಸಿಕೊಂಡವನ ಬಾಯಿಗೆ ಒಮ್ಮೆ ಸಿಹಿ ಬಿದ್ದಿತ್ತು, ಉಗುಳಲು ಮನಸ್ಸಾಗಲಿಲ್ಲ. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಕೈಮುಗಿದ. ವಿನಯ ಬೇರೆ ಇದೆ ಎಂದು ಇಟ್ಟಿಗೆ ಮೇಷ್ಟ್ರು ಮೆಚ್ಚಿ ತಲೆದೂಗಿದರು.

"ಒಪ್ಪಿಗೆ ಕೊಟ್ಟಿದೀನಿ," ಎಂದಳು ಕತ್ತಲಮ್ಮ. "ಒಂದೇ ಮಾತು. ಈಗ ಹೇಗಿದೆಯೋ ಹಾಗೇ ಇರ್ಬೇಕು. ಇದಕ್ಕೆ ಒಂದು ದೀಪನೂ ಸೇರಿಸೋ ಹಾಗಿಲ್ಲ. ಮುಂದಿನ ವಾರ ಸಭೆಗೆ ಬಂದು ಬೀದಿಯವರಿಗೆಲ್ಲ ಹೇಳಿಕೊಡು, ಬಲ್ಬನ್ನ ಹೇಗೆ ಅಡಗಿಸ್ಬೇಕು ಅಂತ. ಸಮಿತಿಯಲ್ಲಿ ಒಂದು ಜಾಗನೂ ಖಾಲಿ ಇದೆ. ಅದೇ ಸಭೆಯಲ್ಲಿ ಈ ಹಲ್ಲನ್ನೂ ಕೀಳಿಸಿಬಿಡ್ತೀನಿ."

ಅಳಿಯ ಮನೆಗೆ ಬಂದು ನಡೆದದ್ದನ್ನೆಲ್ಲ ತಿಳಿಸಿದಾಗ ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಕೈಯಲ್ಲಿ ಹಿಡಿದು ನಿಂತಳು. ಮಾವನೂ ಅಲ್ಲೇ ಇದ್ದರು.

"ಹಲ್ಲು ಕಿತ್ತ ಮೇಲೆ ಗೋಡೆ ಮೇಲೆ ಏನಿರುತ್ತೆ?" ಎಂದು ಕೇಳಿದಳು.

"ಕತ್ತಲು."

"ನೀವು ಕೂರಿಸಿದ ದೀಪ ಹಚ್ಚಬಹುದಾ?"

"ಒಂದು ದೀಪನೂ ಸೇರಿಸೋ ಹಾಗಿಲ್ಲ ಅಂದಿದಾರಲ್ಲ."

"ಅಂದ್ರೆ ನಿಮಗೆ ಹೊಗಳಿಕೆ ಬೇಕಾಗಿತ್ತು ಅಂತ ನಮ್ಮಪ್ಪ ಜೀವಮಾನ ಪೂರ್ತಿ ಕತ್ತಲಲ್ಲಿ ಹಾಸಿಗೆ ಮಾರ್ಬೇಕು," ಎಂದಳು ಹೆಂಡತಿ. ಅವಳಿಗೆ ಮಾತನ್ನು ಸುತ್ತಿ ಬಳಸಿ ಆಡಿ ಅಭ್ಯಾಸವಿರಲಿಲ್ಲ.

ಮಾವ ಕೂಗಾಡುತ್ತಾರೆ ಎಂದುಕೊಂಡಿದ್ದ ಅಳಿಯನಿಗೆ ಅಚ್ಚರಿ ಕಾದಿತ್ತು. ಅವರು ತುಟಿಪಿಟಕ್ಕೆನ್ನದೆ ಕೂತಿದ್ದರು. "ನನ್ನ ಲೆಕ್ಕನೇ ಎಲ್ಲೋ ತಪ್ಪಿದೆ ಮಾವ. ನಾಳೆ ತಾರಸಿ ಹತ್ತಿ ತಂತಿಯೆಲ್ಲ ಬಿಚ್ಚಿ ನೋಡ್ತೀನಿ," ಎಂದು ಅಳಿಯ ಹೇಳಿದಾಗ ಮಾತ್ರ ಗಡಬಡಿಸಿ ಎದ್ದರು. "ಬೇಡ ಬೇಡ! ತಾರಸಿ ಮೇಲೆ ಪಾರಿವಾಳ ಮೊಟ್ಟೆ ಇಟ್ಟಿದೆ. ಪಾಪ, ಬಾಣಂತಿ. ಬೀಗ ಹಾಕಿದೀನಿ." ಮಾವನಿಗೆ ಪಾರಿವಾಳದ ಮೇಲೆ ಇಷ್ಟು ಅಂತಃಕರಣ ಯಾವಾಗಿನಿಂದ ಬಂತು ಎಂದು ಯೋಚಿಸುವ ಸ್ಥಿತಿಯಲ್ಲಿ ಅಳಿಯ ಇರಲಿಲ್ಲ.

ಮಾವ ಬೇರೆ ದಾರಿ ಹುಡುಕಿದರು. ಹಲ್ಲು ಹೋದರೆ ತಾನೇ ಕತ್ತಲು? ಹಲ್ಲನ್ನೇ ಉಳಿಸಿಕೊಂಡರೆ? ಆ ಹಲ್ಲಿನ ದೆಸೆಯಿಂದಲೇ ಮಾವನಿಗೂ ಡಾಕ್ಟರಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ನನ್ನ ಗಿರಾಕಿಗಳೆಲ್ಲ ನಿನ್ನ ಹಲ್ಲು ನೋಡಿ ಹೆದರಿ ಓಡ್ತಾರೆ ಎಂದು ಮಾವ ಅವರ ಬಾಗಿಲಲ್ಲಿ ನಿಂತು ಕೂಗಾಡಿದ್ದುಂಟು. ಈಗ ಯಾವ ಮುಖ ಹೊತ್ತು ಹೋಗುವುದು? ಸಭೆಯ ಹಿಂದಿನ ದಿನ, ಹಲ್ಲು ನೋವು ಎಂಬ ನೆಪ ಮಾಡಿಕೊಂಡು ಹೋಗಿ ಡಾಕ್ಟರ ಕುರ್ಚಿಯಲ್ಲಿ ಒರಗಿದರು. ಡಾಕ್ಟರು ಬಾಯಿಗೆ ಕನ್ನಡಿ ಹಾಕಿ ನೋಡಿದರು. ನೋವಿಲ್ಲದ ಹಲ್ಲನ್ನು ತೋರಿಸಿದ್ದರೂ ಪಕ್ಕದ ದವಡೆ ಹಲ್ಲು ನಿಜವಾಗಿಯೇ ಕೆಟ್ಟುಹೋಗಿತ್ತು. "ಇದನ್ನ ಇವತ್ತೇ ತೆಗೀಬೇಕು," ಎಂದರು. ಬಂದ ಕೆಲಸ ಹೇಳಲು ಮಾವನ ಬಾಯಿ ಖಾಲಿ ಇರಲಿಲ್ಲ.

ಆಮೇಲೆ ಹತ್ತಿ ಕಚ್ಚಿಕೊಂಡೇ ಹೇಳಿದರು, ನಿಮ್ಮ ಹಲ್ಲು ಇರಬೇಕು, ಅದರಂಥ ಹಲ್ಲು ಬೀದಿಯಲ್ಲಿಲ್ಲ ಎಂದು. ಡಾಕ್ಟರ ಕಣ್ಣು ಒದ್ದೆಯಾಯಿತು. ತಮ್ಮ ಹಲ್ಲನ್ನು ಮೆಚ್ಚಿದ ಮೊದಲ ಮನುಷ್ಯನ ಕೈಹಿಡಿದು, ನಾಳೆ ಸಭೆಯಲ್ಲಿ ಕೊನೆಯವರೆಗೂ ಹೋರಾಡುವುದಾಗಿ ಮಾತು ಕೊಟ್ಟರು.

ಸಭೆ ಸಂಜೆ ಸೇರಿತು. ಮಡಚುವ ಕುರ್ಚಿಗಳ ಮೇಲೆ ಬೀದಿಯ ಅಂಗಡಿಯವರೆಲ್ಲ ಕೂತಿದ್ದರು. ಕತ್ತಲಮ್ಮ ಹಲ್ಲಿನ ವಿಷಯ ಎತ್ತುವುದೇ ತಡ, ಎರಡನೇ ಸಾಲಿನಿಂದ ಮಾವ ಎದ್ದರು. ಒಂದು ಕೆನ್ನೆ ಊದಿಕೊಂಡಿತ್ತು.

"ಹಲ್ಲು ಇಲ್ಲಿ ತಾಯಿ," ಎಂದರು. 'ಇರಲಿ' ಅನ್ನಲು ಅವರ ಬಾಯಿ ಇನ್ನೂ ಸರಿಯಾಗಿ ಹೊರಳುತ್ತಿರಲಿಲ್ಲ.

"ನಿಮ್ಮ ಅಂಗಡಿ ಎದುರಿಗೇ ಇದೆಯಲ್ರೀ ಅದು?"

"ಅದಕ್ಕೇ."

ಸಭೆ ನಕ್ಕಿತು. ಕತ್ತಲಮ್ಮ ನಗಲಿಲ್ಲ. "ಇಂಥ ಅಳಿಯನ್ನ ಪಡೆದೂ ನಿಮಗೆ ಆ ಹಲ್ಲು ಬೇಕಾ? ಒಳ್ಳೆ ಬೆಳಕು ಅಂದ್ರೇನು ಅಂತ ಮೊದಲು ಅವನ ಬಾಯಿಂದ ಕೇಳಿ. ಆಮೇಲೆ ಹಲ್ಲಿನ ಮಾತು," ಎಂದು ಅಳಿಯನನ್ನು ಮುಂದೆ ಕರೆದಳು.

ಅಳಿಯ ಒಂದು ವಾರ ಕೂತು ಭಾಷಣ ಬಾಯಿಪಾಠ ಮಾಡಿದ್ದ. ಬೆಳಕು, ನೆರಳು, ಸಂಯಮ ಎಂದೆಲ್ಲ ಇತ್ತು. ಸುಳ್ಳೂ ಅಲ್ಲ ನಿಜವೂ ಅಲ್ಲ ಎನ್ನುವ ಹಾಗೆ ಹೆಣೆದಿದ್ದ. ಸಮಿತಿಯ ಮೇಜಿನ ಹಿಂದೆ ನಾಲ್ಕನೆಯ ಕುರ್ಚಿ ಖಾಲಿ ಬಿಟ್ಟಿದ್ದರು. ಅದು ತನಗೇ ಎಂದು ಗೊತ್ತಾಗಿ ಅವನ ಬಾಯಲ್ಲಿ ನೀರೂರಿತು. ಮಾತು ಶುರುಮಾಡಬೇಕೆಂದು ಸಭೆಯ ಕಡೆ ತಿರುಗಿದರೆ ಕಂಡವರು ಮಾವ. ಕೆನ್ನೆಗೆ ಕೈ ಒತ್ತಿಕೊಂಡು, ನೋವು ನುಂಗಿಕೊಂಡು, ಅಳಿಯನನ್ನೇ ನೋಡುತ್ತ ಕೂತಿದ್ದರು. ತಾನು ಆಡದೆ ಉಳಿದ ಒಂದು ಮಾತಿಗಾಗಿ ಈ ಮನುಷ್ಯ ಹಗೆಯ ಮನೆಗೆ ಹೋಗಿ ಹಲ್ಲು ಕಳಕೊಂಡು ಬಂದಿದ್ದಾರೆ. ಅಳಿಯನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಮೇಡಂ," ಎಂದ. "ಅವತ್ತು ನೀವು ನೋಡಿದ ಬೆಳಕು ನಂದಲ್ಲ. ಅವತ್ತು ನನ್ನ ಒಂದು ದೀಪನೂ ಹತ್ತಿರಲಿಲ್ಲ. ನೀವು ನೋಡಿದ್ದು ಹಲ್ಲಿನ ಬೆಳಕು."



"ಎಲೆ ನೆರಳು?" ಎಂದು ಇಟ್ಟಿಗೆ ಮೇಷ್ಟ್ರು ಕ್ಷೀಣವಾಗಿ ಕೇಳಿದರು.

"ಅದು ಮರದ್ದು ಸಾರ್."

ಹಲ್ಲಿನ ಡಾಕ್ಟರು ಮೆಲ್ಲಗೆ ಎದ್ದು ನಿಂತರು. "ಹಾಗಾದ್ರೆ... ಅವತ್ತು ಮೇಡಂ ಅಷ್ಟೊಂದು ಮೆಚ್ಚಿಕೊಂಡಿದ್ದು ನನ್ನ ಹಲ್ಲನ್ನಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಪಾತ್ರೆ ಅಂಗಡಿಯವನು ಕುರ್ಚಿ ಸಮೇತ ಮಡಚಿಕೊಂಡ. ಎಂಜಿನಿಯರ್ ಮೊದಲು ನಕ್ಕು, ಅಧ್ಯಕ್ಷೆಯ ಮುಖ ನೋಡಿ ನಿಲ್ಲಿಸಿದ. ಕತ್ತಲಮ್ಮನ ಮುಖ ಕೆಂಪೇರಿತ್ತು. ಇಡೀ ಬೀದಿ ತನ್ನನ್ನು ನೋಡಿ ನಗುತ್ತಿದ್ದರೂ ಆಕೆ ಮೇಜಿನ ಮೇಲೆ ಕೈಯೂರಿ ಕೇಳಿದ್ದು ಒಂದೇ ಪ್ರಶ್ನೆ.

"ನಿನ್ನ ದೀಪ ಯಾಕೆ ಹತ್ತಲಿಲ್ಲ?"

"ನನ್ನ ಲೆಕ್ಕ ತಪ್ಪಿರ್ಬೇಕು ಮೇಡಂ."

"ತಪ್ಪಿಲ್ಲ!" ಎಂದು ಮಾವ ಮತ್ತೆ ಎದ್ದರು. ಕೆನ್ನೆಯಿಂದ ಕೈ ತೆಗೆದಿದ್ದರು. "ಲೆಕ್ಕ ಅವರದ್ದು ಸರಿ ಇತ್ತು. ಕೆಡಿಸಿದ್ದು ನಾನು. ಕುಣಿಯೋ ಬಣ್ಣದ ಲೈಟಿನ ಸರ ತಂದು, ಅವರು ಎಳೆದ ತಂತಿಗೇ ಸೇರಿಸಿ, ತಾರಸಿ ಗೋಡೆ ಹಿಂದೆ ಬಚ್ಚಿಟ್ಟಿದ್ದೆ. ನೀವು ಒಪ್ಪಿ ಹೋದ ಮೇಲೆ ಹಚ್ಚೋಣ ಅಂತ. ಅದು ಎಲ್ಲಿ ಒಳಗೊಳಗೆ ತಗುಲಿಕೊಳ್ತೋ, ಎಲ್ಲಾನೂ ಆರಿಸ್ತು."

"ಮತ್ತೆ ಪಾರಿವಾಳ?" ಎಂದ ಅಳಿಯ, ಸಭೆಯ ಮುಂದೆ ನಿಂತಿದ್ದನ್ನೂ ಮರೆತು.

"ಪಾರಿವಾಳನೂ ಇಲ್ಲ, ಮೊಟ್ಟೆನೂ ಇಲ್ಲ," ಎಂದು ಮಾವ ನೆಲ ನೋಡಿದರು. "ಇಷ್ಟು ದಿನ ನಿಮ್ಮ ತಲೆ ಮೇಲೆ ತಪ್ಪು ಹೊರಿಸಿ ಸುಮ್ನೆ ಇದ್ದೆ."

ಕತ್ತಲಮ್ಮ ಚೀಲ ಎತ್ತಿಕೊಂಡಳು. "ಎದ್ದೇಳಿ ಎಲ್ಲರೂ. ಹೊರಗೆ ಮಬ್ಬಾಗಿದೆ. ಹೋಗಿ ನೋಡೇಬಿಡೋಣ," ಎಂದಳು.

ಇಡೀ ಸಭೆ ಬೀದಿಗಿಳಿಯಿತು. ಮಾವ ತಾರಸಿ ಹತ್ತಿ ಬಣ್ಣದ ಸರವನ್ನು ಕಿತ್ತು, ಸುರುಳಿ ಸುತ್ತಿ ಬಗಲಿಗೆ ಹಾಕಿಕೊಂಡು ಇಳಿದು ಬಂದರು. ಹಲ್ಲಿನ ಡಾಕ್ಟರು ಒಳಗೆ ಹೋಗಿ ಸ್ವಿಚ್ ಆರಿಸಿದರು. ಹಲ್ಲು ನಗುವುದನ್ನು ನಿಲ್ಲಿಸಿತು. ಸಭೆಗೆಂದು ಬೀದಿಯ ಅಂಗಡಿಗಳೂ ಮುಚ್ಚಿದ್ದರಿಂದ ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಜಾಗದಲ್ಲಿ ನಿಜವಾದ ಕತ್ತಲು ಕವಿದು, ಪಕ್ಕದಲ್ಲಿ ನಿಂತವರು ಯಾರೆಂದು ಗೊತ್ತಾಗದೆ ಜನ ಗುಸುಗುಸು ನಿಲ್ಲಿಸಿದರು. ಅಳಿಯನಿಗೆ ಸ್ವಿಚ್ಚಿನ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಮಾವನೇ ಒತ್ತಿದರು.

ಈ ಸಲ ಫಟ್ ಅನ್ನಲಿಲ್ಲ. ಪ್ರತಿ ಕಿಟಕಿಯ ಕೆಳಗಿನಿಂದ ಬೆಚ್ಚಗಿನ ಬೆಳಕು ಗೋಡೆಯ ಮೇಲೆ ಇಳಿದು, ಕೆಳಗೆ ಹೋಗುತ್ತ ಹೋಗುತ್ತ ತೆಳುವಾಗಿ ಕರಗಿತು. ಮೂರು ಅಂತಸ್ತೂ ಕಂಡವು, ಬಾಗಿಲು ಕಂಡಿತು, ಒಳಗೆ ಒಂದರ ಮೇಲೊಂದು ಪೇರಿಸಿದ ಹಾಸಿಗೆಗಳೂ ಕಂಡವು. ಅಲ್ಲಾಡುವ ನೆರಳು ಗಿರಳು ಏನೂ ಇರಲಿಲ್ಲ. ಹಲ್ಲಿನ ಬೆಳಕಿನಷ್ಟು ಚೆಂದ ಇತ್ತೆಂದು ಹೇಳಲಾಗದು. ಆದರೆ ಯಾರೋ ಒಬ್ಬ ಕೂತು, ಈ ಗೋಡೆಗೆಂದೇ, ಈ ಕಿಟಕಿಗಳಿಗೆಂದೇ ಮಾಡಿದ್ದು ಎಂದು ನೋಡಿದರೆ ತಿಳಿಯುತ್ತಿತ್ತು.

ಕತ್ತಲಮ್ಮ ಆ ತುದಿಯಿಂದ ಈ ತುದಿಯವರೆಗೆ ನಡೆದಳು, ಬಗ್ಗಿದಳು, ಹಿಂದೆ ಸರಿದಳು. ಕೊನೆಗೆ ಆಕೆ ಬೆರಳು ಎತ್ತಿ ತೋರಿಸಿದಳು.

"ಮೇಲಿನ ಅಂತಸ್ತು, ಮೂಲೆ ಕಿಟಕಿ. ಬಲ್ಬು ಕಾಣ್ತಾ ಇದೆ."

ಅಳಿಯ ನೋಡಿದ. ನಿಜ, ದೀಪದ ತುದಿ ಇಣುಕುತ್ತಿತ್ತು. ಅವನಿಗೆ ಯಾಕೋ ಕಣ್ಣು ತುಂಬಿ ಬಂತು. "ಹೌದು ಮೇಡಂ, ಅದು ನಂದೇ," ಎಂದ.

"ಒಳಗೆ ತಳ್ಳು. ಉಳಿದಿದ್ದಕ್ಕೆ ನನ್ನ ಒಪ್ಪಿಗೆ ಇದೆ," ಎಂದಳು ಆಕೆ. ಖಾಲಿ ಕುರ್ಚಿಯ ಮಾತು ಎತ್ತಲಿಲ್ಲ. ಅವನೂ ಕೇಳಲಿಲ್ಲ.

ಪಾತ್ರೆ ಅಂಗಡಿಯವನು ಉದ್ದನೆಯ ಏಣಿ ಕೊಟ್ಟ. ಅಳಿಯ ಹತ್ತತೊಡಗಿದ. ಮಾವ ಬಣ್ಣದ ಸರವನ್ನು ನೆಲಕ್ಕೆ ಹಾಕಿ, ಎರಡೂ ಕೈಯಿಂದ ಏಣಿಯನ್ನು ಭದ್ರವಾಗಿ ಹಿಡಿದುಕೊಂಡರು. ಆಮೇಲೆ ಊದಿದ ಕೆನ್ನೆಯನ್ನು ಕತ್ತಲಮ್ಮನ ಕಡೆ ತಿರುಗಿಸಿ, ಇಡೀ ಬೀದಿಗೆ ಕೇಳಿಸುವ ಹಾಗೆ ಗದರಿದರು.

"ಇನ್ನೇನಾದ್ರೂ ತಪ್ಪು ಕಂಡ್ರೆ ಈಗ್ಲೇ ಹೇಳಿಬಿಡಿ ತಾಯಿ. ನಮ್ಮ ಹುಡುಗನ್ನ ಎರಡೆರಡು ಸಲ ಏಣಿ ಹತ್ತಿಸ್ಬೇಡಿ."